ಎರಿ ಹೊಲದಿಂದ ಗೋಲ್ಕೊಂಡದ ಗೆಳೆಯನಿಗೆ

ಕಲಬುರಗಿ

ಗೆಳೆಯಾ,

ಕಳೆದ ಭಾನುವಾರ ನಿಮ್ಮ ಕೋರ್ಸಿನಲ್ಲಿ ಗಾಲ್ಫ್ ಆಟ ಮುಗಿದ ಮೇಲೆ ನಾನು ಜಾಸ್ತಿ ಮಾತಾಡಲಿಲ್ಲ. ಬೇಜಾರಾಯ್ತಾ ಅಂತ ನೀನು ಕೇಳಿದೆ. ಆಗಿತ್ತು. ಆದರೆ ಅಲ್ಲಿ ನಿಂತು ಹೇಳುವಷ್ಟು ಅದು ನನಗೇ ಸ್ಪಷ್ಟವಾಗಿರಲಿಲ್ಲ. ಊರಿಗೆ ಬಂದು, ಸುಮ್ನೆ ಕೂತು ಯೋಚಿಸಿ, ಹೊಲದಲ್ಲಿ ಒಂದಿಷ್ಟು ಚೆಂಡು ಹೊಡೆದು ನೋಡಿದ ಮೇಲೆ ಈಗ ಬರೆಯುತ್ತಿದ್ದೇನೆ. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಮ್ಮ ಕಡೆ ಕೋಚ್ ಇಲ್ಲದೆ, ಜೊತೆಗಾರರಿಲ್ಲದೆ, ಒಬ್ಬನೇ ಒಂದು ಆಟ ಕಲಿಯುತ್ತಿರುವವರು ಯಾರಾದರೂ ಇದ್ದರೆ ಅವರಿಗೂ ಇದು ಬೇಕಾಗಬಹುದು.

ದೀಪಾವಳಿ ಮುಗಿದ ಮೇಲೆ ನಿನ್ನ ಜೊತೆ ಅದೇ ಕೋರ್ಸಿನಲ್ಲಿ 89 ಹೊಡೆದಿದ್ದೆ. ಈಗ 104. ಹೊಡೆತ ಕಡಿಮೆ ಆದಷ್ಟೂ ಒಳ್ಳೆಯ ಆಟ ಇದು. ಅದೇ ಕ್ಲಬ್ಬುಗಳು (ಚೆಂಡು ಹೊಡೆಯುವ ಕೋಲುಗಳು), ಅದೇ ಬೆಳಗಿನ ಹೊತ್ತು, ಅದೇ ನಾನು. ಕೆಟ್ಟದಾಗಿ ಆಡಿದೆ ಅನ್ನುವುದಕ್ಕೆ ನನಗೆ ದುಃಖವಿಲ್ಲ. ಇನ್ನೂ ಕಲಿಯುತ್ತಿರುವವನ ಆಟ ಕೆಟ್ಟದಾಗಿಯೇ ಇರುತ್ತದೆ. ಆದರೆ ನಾಳೆ ಹೇಗೆ ಆಡುತ್ತೇನೆ ಅನ್ನುವುದು ನನಗೇ ಗೊತ್ತಿಲ್ಲವಲ್ಲ, ಅದು ಒಳಗೆ ಕೊರೆಯುತ್ತದೆ. 7 ನಂಬರ್ ಐರನ್ ಅನ್ನುವ ಕ್ಲಬ್ಬು ಕೈಗೆ ತಗೊಂಡಾಗ ಚೆಂಡು 140 ಗಜ ಹಾರುತ್ತದೋ, ಕಾಲ ಬುಡದಲ್ಲೇ ಉರುಳುತ್ತದೋ ಹೇಳಲು ಬರುವುದಿಲ್ಲ. ಒಂದು ಹೊಡೆತದಲ್ಲಿ ಕೈಗೆ ಏನೂ ಗೊತ್ತಾಗದಷ್ಟು ಹಗುರಾಗಿ ಚೆಂಡು ಹೋಗುತ್ತದೆ. ಮುಂದಿನದರಲ್ಲಿ ಮೊಣಕೈವರೆಗೂ ಝುಮ್ಮೆನ್ನುತ್ತದೆ. ಎರಡೂ ಒಂದೇ ಮನುಷ್ಯನ ಕೆಲಸ ಅನ್ನುವುದನ್ನು ನಂಬುವುದೇ ಕಷ್ಟ.

ರೈಲಿನಲ್ಲಿ ಬರುವಾಗ ಹೊಡೆತಗಳ ಲೆಕ್ಕ ಬರೆದ ಕಾರ್ಡ್ ತೆಗೆದು ನೋಡಿದೆ. ವಿಕಾರಾಬಾದ್ ದಾಟಿದ ಮೇಲೆ ಬೋಗಿ ಖಾಲಿಯಾಗಿತ್ತು, ಆರಾಮಾಗಿ ಕೂತು ಹಳೆಯ ಕಾರ್ಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆ. ವಾಡಿ ಬರುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. 18 ಹೋಲ್‌ಗಳಲ್ಲೂ (ಚೆಂಡು ಹಾಕಬೇಕಾದ ಕುಳಿಗಳು) ನಾನು ಕೆಟ್ಟದಾಗಿ ಆಡಿಲ್ಲ. ಹೆಚ್ಚಿನವು ದೀಪಾವಳಿಯ ಕಾರ್ಡಿನ ಹಾಗೇ ಇವೆ. ನಾಲ್ಕೈದು ಹೋಲ್‌ಗಳಲ್ಲಿ ಮಾತ್ರ 8, 9 ಬಂದಿವೆ. ಆ ಎಲ್ಲ ಕಡೆಯೂ ಶುರು ಒಂದೇ: ಐರನ್ ಚೆಂಡಿಗಿಂತ ಮೊದಲು ನೆಲಕ್ಕೆ ಬಡಿದಿದೆ. ಆಮೇಲೆ ಗಾಬರಿ, ಆಮೇಲೆ ಬಂಕರ್ ಅನ್ನುವ ಮರಳಿನ ಗುಂಡಿ, ಆಮೇಲೆ ಇನ್ನೊಂದು ಗಾಬರಿ. ಪಟ್, ಅಂದರೆ ಚೆಂಡನ್ನು ಹೋಲಿಗೆ ಉರುಳಿಸುವ ಹೊಡೆತ, ಮಾತ್ರ ಎರಡೂ ದಿನ ಹೆಚ್ಚುಕಡಿಮೆ ಒಂದೇ ಥರ ಇತ್ತು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಅಭ್ಯಾಸದ ಜಾಗ ನಿನಗೆ ಗೊತ್ತೇ ಇದೆ. ತೊಗರಿ ಹೊಲ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಕಲಬುರಗಿ ತೊಗರಿ ಬೆಳೆಯುವುದು ಇದೇ ಕರಿ ಮಣ್ಣಿನಲ್ಲಿ. ಮುಂಗಾರಿಗೆ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಅಲ್ಲಿಯವರೆಗೆ ನನಗೆ ಹೊಲವಿಲ್ಲ. ರಾಶಿ ಮುಗಿದ ಮೇಲೆ ಮುಂದಿನ ಬಿತ್ತನೆಯವರೆಗೆ ಹೊಲ ನನ್ನದು. ಆದರೆ ಏಪ್ರಿಲ್, ಮೇನಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಬೆಳಿಗ್ಗೆ ಎಂಟರ ನಂತರ ಅಲ್ಲಿ ನಿಲ್ಲಲು ಆಗುವುದಿಲ್ಲ. ಎರಿ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಅದರೊಳಗೆ ಚೆಂಡು ಬಿದ್ದರೆ ಮೊಣಕೈವರೆಗೆ ಕೈ ತೂರಿಸಿದರೂ ಸಿಗುವುದಿಲ್ಲ.

ಹೋದ ಬೇಸಿಗೆ ಪೂರ್ತಿ ನಾನು ಹೊಡೆದದ್ದು ನೀನು ಕೊಟ್ಟ ಹಸಿರು ಮ್ಯಾಟ್ ಮೇಲೆ. ಮ್ಯಾಟ್ ಮೇಲೆ ನನ್ನ ಹೊಡೆತ ಚೆನ್ನಾಗಿಯೇ ಇರುತ್ತದೆ. ಯಾಕೆಂದರೆ ಮ್ಯಾಟ್ ತಪ್ಪನ್ನು ಮುಚ್ಚಿಡುತ್ತದೆ. ಕ್ಲಬ್ಬು ಚೆಂಡಿನ ಹಿಂದೆ ಎರಡು ಇಂಚು ಬಿದ್ದರೂ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ಚೆಂಡು ಹಾರುತ್ತದೆ, ನಾನು ಖುಷಿಪಡುತ್ತೇನೆ. ಅದೇ ಹೊಡೆತವನ್ನು ನಿಜವಾದ ಹುಲ್ಲಿನ ಮೇಲೆ ಹೊಡೆದರೆ ಕ್ಲಬ್ಬು ಮಣ್ಣಿಗೆ ಹೂತು ನಿಲ್ಲುತ್ತದೆ. ಅಂದರೆ ಇಲ್ಲಿ ಒಂದು ಥರ, ಅಲ್ಲಿ ಒಂದು ಥರ ಅಂತ ನಾನು ಆಡುತ್ತಿರಲಿಲ್ಲ. ಎರಡೂ ಕಡೆ ಒಂದೇ ಹೊಡೆತ. ಇಲ್ಲಿ ಅದು ಕಾಣುತ್ತಿರಲಿಲ್ಲ, ಅಷ್ಟೇ. ಇದು ತಿಳಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಕಾರಣವಿಲ್ಲದ ಏರಿಳಿತ ಅಂದುಕೊಂಡಿದ್ದಕ್ಕೆ ಒಂದು ಕಾರಣ ಸಿಕ್ಕಿತು.

ಹಾಗಾಗಿ ಮ್ಯಾಟ್ ಸುತ್ತಿ ಮೂಲೆಗೆ ಇಟ್ಟಿದ್ದೇನೆ. ಎಳ್ಳ ಅಮಾವಾಸ್ಯೆ ಮುಗಿದಿದೆ, ನಮ್ಮ ರಾಶಿಯೂ ಮುಗಿದಿದೆ. ಹೊಲದ ಅಂಚಿನಲ್ಲಿ ಒಂದು ಪಟ್ಟಿ ಜಾಗದ ತೊಗರಿ ಕೂಳೆ ಕಿತ್ತು, ಕಲ್ಲು ಆರಿಸಿ, ಹೆಂಟೆ ಒಡೆದು ಮಣ್ಣು ಪುಡಿ ಮಾಡಿದ್ದೇನೆ. ಕಲ್ಲು ಒಂದೂ ಇರಬಾರದು, ಇದ್ದರೆ ಕ್ಲಬ್ಬಿಗೂ ಪೆಟ್ಟು, ಮಣಿಕಟ್ಟಿಗೂ ಪೆಟ್ಟು. ಆ ಪುಡಿ ಮಣ್ಣಿನ ಮೇಲೆ ರಂಗೋಲಿ ಪುಡಿಯಿಂದ ಒಂದು ನೇರ ಗೆರೆ ಎಳೆಯುತ್ತೇನೆ. ಕರಿ ಮಣ್ಣಿನ ಮೇಲೆ ಬಿಳಿ ಗೆರೆ, ದೂರದಿಂದಲೂ ಕಾಣುತ್ತದೆ. ಮೊದಲು ಚೆಂಡೇ ಇಡುವುದಿಲ್ಲ. ಗೆರೆಯೇ ಚೆಂಡು ಅಂದುಕೊಂಡು ಸ್ವಿಂಗ್ ಮಾಡುತ್ತೇನೆ, ಒಂದು ಗುರುತು ಬಿದ್ದ ಮೇಲೆ ಒಂದು ಗೇಣು ಸರಿದು ಇನ್ನೊಂದು.

ಐರನ್ ಹೊಡೆತದಲ್ಲಿ ಕ್ಲಬ್ಬು ಮೊದಲು ಚೆಂಡಿಗೆ ತಾಗಬೇಕು, ನೆಲಕ್ಕೆ ತಾಗುವುದು ಆಮೇಲೆ. ಸ್ವಿಂಗಿನ ಅತಿ ಕೆಳಗಿನ ಬಿಂದು ಚೆಂಡಿಗಿಂತ ಕೆಲವು ಇಂಚು ಮುಂದೆ, ಗುರಿಯ ಕಡೆ ಇರಬೇಕು. ಇದನ್ನು ನೀನೂ ಹೇಳಿದ್ದೆ, ಎಲ್ಲರೂ ಹೇಳುತ್ತಾರೆ. ಮಾತಿನಲ್ಲಿ ಕೇಳುವುದೇ ಬೇರೆ, ಮಣ್ಣಿನಲ್ಲಿ ನೋಡುವುದೇ ಬೇರೆ. ಮೊದಲ ದಿನ ಗೆರೆಯ ಉದ್ದಕ್ಕೂ ಗುರುತುಗಳನ್ನು ನೋಡಿದೆ. ಕೆಲವು ಗೆರೆಯ ಮುಂದೆ, ಕೆಲವು ಗೆರೆಯ ಮೇಲೆ, ಬಹಳಷ್ಟು ಗೆರೆಯ ಹಿಂದೆ. ನನ್ನ 89 ಮತ್ತು 104 ಎರಡೂ ಅಲ್ಲೇ ಬಿದ್ದಿದ್ದವು.

ಅಪ್ಪ ಬಂದು ನಿಂತು ನೋಡಿದರು. ಗಾಲ್ಫ್ ಅವರಿಗೆ ಗೊತ್ತಿಲ್ಲ. "ಕೂರಿಗಿ ಹಿಡಿದವನ ಕೈ ಒಂದೇ ಸಮ ಇರಬೇಕು. ಒತ್ತು ಹೆಚ್ಚುಕಮ್ಮಿ ಆದ್ರ ಬೀಜ ಒಂದು ಆಳಕ್ಕ, ಒಂದು ಮ್ಯಾಲ ಬೀಳ್ತದ," ಅಂದರು. ನನ್ನ ತೊಂದರೆಯನ್ನು ಇಷ್ಟು ಸರಿಯಾಗಿ ಇನ್ನು ಯಾರೂ ಹೇಳಿಲ್ಲ.

ಗುರುತು ಹಿಂದೆ ಬೀಳುವುದಕ್ಕೆ ಕಾರಣವೂ ಸಿಕ್ಕಿದೆ. ಚೆಂಡನ್ನು ಎತ್ತಬೇಕು ಅನ್ನುವ ಆಸೆಯಲ್ಲಿ ಮೈ ಭಾರ ಬಲಗಾಲಿನ ಮೇಲೇ ಉಳಿಯುತ್ತಿದೆ. ಎತ್ತುವ ಕೆಲಸ ನಮ್ಮದಲ್ಲ ಗೆಳೆಯಾ. ಕ್ಲಬ್ಬಿನ ಮುಖಕ್ಕೆ ಓರೆ ಕೊಟ್ಟಿರುವುದೇ ಅದಕ್ಕೆ. ಭಾರ ಎಡಗಾಲಿಗೆ ಬಂದ ಹೊಡೆತಗಳಲ್ಲೆಲ್ಲ ಗುರುತು ಗೆರೆಯ ಮುಂದೆ ಬಿದ್ದಿದೆ. ಎದುರಿಗೆ ನೀರಿನ ಹೊಂಡವೋ ಬಂಕರೋ ಇದ್ದಾಗ ಎತ್ತುವ ಆಸೆ ಜಾಸ್ತಿ ಆಗುತ್ತದೆ. ನನ್ನ 8, 9 ಬಂದ ಹೋಲ್‌ಗಳು ಯಾವುವು ಅಂತ ನೆನಪಿಸಿಕೋ. ಎಲ್ಲ ಅಂಥವೇ.

ಈಗ ಪಟ್ ವಿಷಯ. ಮಳೆಗಾಲದಲ್ಲಿ ಹೊಲ ಸಿಗದಿದ್ದಾಗ ಮನೆಯ ಪಡಸಾಲೆಯಲ್ಲಿ ಪಟ್ ಮಾಡುತ್ತಿದ್ದೆ. ನಮ್ಮ ಮನೆಯ ನೆಲ ಶಹಾಬಾದ್ ಫರಸಿ, ಒಂದೊಂದು ಕಲ್ಲು ಎರಡು ಅಡಿ. ಅದರ ಮೇಲೆ ಉದ್ದಕ್ಕೆ ಜಮಖಾನೆ ಹಾಸಿ, ಪಕ್ಕದ ಕಲ್ಲು ಎಣಿಸಿದರೆ ದೂರ ಎಷ್ಟು ಅಂತ ತಿಳಿಯುತ್ತದೆ. ಗುರಿಗೆ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸುತ್ತಿದ್ದೆ. ಹೋಲಿನ ಅಗಲ ನಾಲ್ಕೂಕಾಲು ಇಂಚು, ಲೋಟದ ಬಾಯಿ ಅದಕ್ಕಿಂತ ಸಣ್ಣದು. ಒಂದೇ ದೂರದಿಂದ ಹೊಡೆದರೆ ಬೇಸರ ಬರುತ್ತದೆ ಅಂತ ಒಮ್ಮೆ ಎರಡು ಕಲ್ಲಿನಿಂದ, ಒಮ್ಮೆ ಐದು ಕಲ್ಲಿನಿಂದ, ಒಮ್ಮೆ ಮೂರರಿಂದ ಹೀಗೆ ಬದಲಿಸುತ್ತಾ ಹೋದೆ.

ಬೇಸರಕ್ಕೆ ಮಾಡಿದ ಆ ಬದಲಾವಣೆಯೇ ಒಳ್ಳೆಯದು ಮಾಡಿದೆ ಅಂತ ಈಗ ಅನಿಸುತ್ತದೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬಿಬ್ಬರು ಸಂಶೋಧಕರು ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಎಂಟು ವರ್ಷದ ಮಕ್ಕಳು ಕಾಳು ತುಂಬಿದ ಸಣ್ಣ ಚೀಲವನ್ನು ಗುರಿಗೆ ಎಸೆಯಬೇಕು. ಒಂದು ಗುಂಪು ಮೂರು ಅಡಿಯಿಂದಲೇ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿ, ನಾಲ್ಕು ಅಡಿಯಿಂದ ಎಸೆಯಿತು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಮೂರು ಅಡಿಯಿಂದ ಪರೀಕ್ಷೆ ಮಾಡಿದಾಗ ಗೆದ್ದದ್ದು ಎರಡನೇ ಗುಂಪು. ಇದನ್ನು ಓದಿದಾಗ ನನ್ನ ಆಟದ ಎರಡು ಭಾಗಗಳು ನೆನಪಾದವು. ಪಟ್ ಅನ್ನು ನಾನು ಎರಡನೇ ಗುಂಪಿನ ಮಕ್ಕಳ ಥರ ಕಲಿತಿದ್ದೇನೆ. ಐರನ್ ಅನ್ನು ಮೊದಲ ಗುಂಪಿನ ಥರ: ಅದೇ ಮ್ಯಾಟ್, ಅದೇ 7 ನಂಬರ್, ಅದೇ ಬೇವಿನ ಮರದ ಕಡೆಗೆ, ಬುಟ್ಟಿ ಖಾಲಿಯಾಗುವವರೆಗೆ. ಕೋರ್ಸಿನಲ್ಲಿ ಒಂದೇ ಹೊಡೆತವನ್ನು ಎರಡು ಸಲ ಹೊಡೆಯುವ ಅವಕಾಶ ಎಲ್ಲಿ ಸಿಗುತ್ತದೆ?

ಅದಕ್ಕೆ ಈಗ ಗೆರೆಯ ಕೆಲಸ ಮುಗಿದ ಮೇಲೆ ಹೊಲದಲ್ಲೇ ನಿಮ್ಮ ಕೋರ್ಸ್ ಆಡುತ್ತೇನೆ. ಬೇವಿನ ಮರ ಫೇರ್‌ವೇಯ (ಚೆಂಡು ಹೋಗಬೇಕಾದ ಹುಲ್ಲಿನ ಹಾದಿ) ಎಡ ಅಂಚು, ಬಾವಿಯ ಕಟ್ಟೆ ಬಲ ಅಂಚು. ಮೊದಲ ಹೋಲ್ ನೆನೆದು ಡ್ರೈವರ್, ಅಂದರೆ ತುಂಬ ದೂರ ಹೊಡೆಯುವ ಕ್ಲಬ್ಬು. ಚೆಂಡು ಎಲ್ಲಿಗೆ ಹೋಯಿತು ಅಂತ ನೋಡಿ, ಉಳಿದ ದೂರಕ್ಕೆ ತಕ್ಕ ಐರನ್. ಆಮೇಲೆ ಹತ್ತಿರದ ಹೊಡೆತಕ್ಕೆ ವೆಜ್. ಪ್ರತಿ ಸಲ ಕ್ಲಬ್ಬು ಬೇರೆ, ಗುರಿ ಬೇರೆ. ಹೀಗೆ ಮಾಡಿದಾಗ ಹೊಲದಲ್ಲೂ ಹೊಡೆತ ಕೆಡುತ್ತದೆ. ಆದರೆ ಕೋರ್ಸಿನಲ್ಲಿ ಕೆಡುವ ಹಾಗೇ ಕೆಡುತ್ತದೆ. ಅದನ್ನು ಇಲ್ಲೇ ನೋಡಲು ಸಿಕ್ಕಿತಲ್ಲ, ನನಗೆ ಅದು ಬೇಕಾಗಿತ್ತು.

ಇನ್ನೊಂದು ಮಾತು. ಹ್ಯಾಂಡಿಕ್ಯಾಪ್ ಅನ್ನು, ಅಂದರೆ ಆಟಗಾರನ ಮಟ್ಟ ತೋರಿಸುವ ಅಂಕಿಯನ್ನು, ನಾವಿಬ್ಬರೂ ನಮ್ಮ ಸರಾಸರಿ ಆಟ ಅನ್ನುವ ಹಾಗೆ ಮಾತಾಡುತ್ತೇವೆ. 2020ರಲ್ಲಿ ಬಂದ ಜಾಗತಿಕ ಲೆಕ್ಕದ ಪ್ರಕಾರ ಅದು ಕೊನೆಯ 20 ಆಟಗಳಲ್ಲಿ ಅತಿ ಒಳ್ಳೆಯ 8ರ ಸರಾಸರಿ, ಕೋರ್ಸ್ ಎಷ್ಟು ಕಷ್ಟ ಅನ್ನುವುದನ್ನೂ ಸೇರಿಸಿ. ಉಳಿದ 12 ಅದರಲ್ಲಿ ಕಾಣುವುದೇ ಇಲ್ಲ. ಅಂದರೆ ಹ್ಯಾಂಡಿಕ್ಯಾಪ್‌ಗಿಂತ ಕೆಟ್ಟದಾಗಿ ಆಡುವ ದಿನಗಳೇ ಎಲ್ಲರಿಗೂ ಜಾಸ್ತಿ. ಹಾಗೇ, ಎಂಟು ಅಡಿಯ ಪಟ್ ತಪ್ಪಿದರೆ ನಾನು ತಲೆ ಹಿಡಿದುಕೊಳ್ಳುತ್ತೇನೆ ಅಲ್ವಾ? ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ ನೋಡಿದಾಗ, ಆ ದೂರದಿಂದ ಅಮೆರಿಕದ ವೃತ್ತಿಪರ ಪಿಜಿಎ ಟೂರಿನ ಆಟಗಾರರೇ ಹಾಕುವುದು ಸುಮಾರು ಅರ್ಧ ಮಾತ್ರ. ಅವರ ಇನ್ನೊಂದು ಲೆಕ್ಕ ನಮಗೆ ಹೆಚ್ಚು ಮುಖ್ಯ. 90 ಹೊಡೆಯುವವನಿಗೂ 80 ಹೊಡೆಯುವವನಿಗೂ ಇರುವ ಅಂತರದಲ್ಲಿ ಮೂರನೇ ಎರಡು ಪಾಲು 100 ಗಜಕ್ಕಿಂತ ಆಚೆಯ ಹೊಡೆತಗಳದ್ದು. ನನ್ನ ಕಾರ್ಡೂ ಅದನ್ನೇ ಹೇಳುತ್ತಿದೆ. ಹಾಗಾಗಿ ಈ ಬೇಸಿಗೆ ನನ್ನ ಹೊತ್ತೆಲ್ಲ ಐರನ್‌ಗೆ.

ಆದರೂ ಪಟ್ ಬಿಡುವುದಿಲ್ಲ. 2021ರ ಆಗಸ್ಟ್ 7, ಬೆಳಗಿನ ಜಾವದಿಂದ ಟಿವಿ ಮುಂದೆ ಕೂತು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುವುದನ್ನು ನೋಡಿದ್ದು ನನಗೆ ಮರೆಯುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ದಿನದ ಆಟ. 60 ಜನರಲ್ಲಿ ಡ್ರೈವ್ ದೂರದಲ್ಲಿ ಅವರು ಪಟ್ಟಿಯ ಕೊನೆಯ ಹತ್ತಿರ ಇದ್ದರು. ಬೇರೆಯವರು ಸಣ್ಣ ಐರನ್ ಹೊಡೆಯುವ ಕಡೆ ಅವರು ಉದ್ದನೆಯ ಕ್ಲಬ್ ತೆಗೆಯಬೇಕಾಗಿತ್ತು. ಆದರೂ ನಾಲ್ಕನೇ ಸ್ಥಾನ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ನಮ್ಮವ್ವ ಕೂಡ ಅವತ್ತು ಚಹಾ ಇಡುವುದು ಬಿಟ್ಟು ನಿಂತಿದ್ದಳು. ತನ್ನ ಕೈಗೆ ಬರುವುದನ್ನು ನಾಲ್ಕೂ ದಿನ ಒಂದೇ ಸಮ ಮಾಡಿದ ಆಟ ಅದು. ನಾನು ಹುಡುಕುತ್ತಿರುವುದು ದೂರವಲ್ಲ, ಅಂಥ ಸಮತನ.

ಇನ್ನು ನಿನ್ನಿಂದ ಬೇಕಾದದ್ದು. ಆಟದ ನಡುವೆ ಸ್ವಿಂಗ್ ಬಗ್ಗೆ ಹೇಳಬೇಡ, ದಯವಿಟ್ಟು. ನೀನು ಪ್ರೀತಿಯಿಂದ ಹೇಳುತ್ತೀಯ, ಅದು ನನಗೆ ಗೊತ್ತು. ಆದರೆ ಮೊಣಕೈ, ಭುಜ, ತಲೆ, ಮಣಿಕಟ್ಟು ಎಲ್ಲ ಒಟ್ಟಿಗೆ ನೆನಪಿಗೆ ಬಂದರೆ ಕೈ ಕಟ್ಟಿ ಹಾಕಿದ ಹಾಗಾಗುತ್ತದೆ. ಅದರ ಬದಲು ನನ್ನ ಪ್ರತಿ ಐರನ್ ಹೊಡೆತಕ್ಕೂ ಎರಡು ವಿಷಯ ಬರೆದುಕೋ: ಮೊದಲು ಚೆಂಡಿಗೆ ತಾಗಿತೋ, ನೆಲಕ್ಕೋ. ಚೆಂಡು ಎಡಕ್ಕೆ ಹೋಯಿತೋ, ಬಲಕ್ಕೋ. ಹೊಡೆಯುತ್ತಿರುವ ನನಗಿಂತ ಹಿಂದೆ ನಿಂತ ನಿನಗೆ ಅದು ಚೆನ್ನಾಗಿ ಕಾಣುತ್ತದೆ. ಮೂರ್ನಾಲ್ಕು ಆಟಗಳ ಪಟ್ಟಿ ಸಿಕ್ಕರೆ ನನಗೆ ಸಾಕು, ಉಳಿದದ್ದನ್ನು ಹೊಲದಲ್ಲಿ ನೋಡಿಕೊಳ್ಳುತ್ತೇನೆ.

ಮತ್ತೆ, ನೀನೇ ಒಮ್ಮೆ ಇಲ್ಲಿಗೆ ಬಾ. ಜೋಳ ಹಾಲು ತುಂಬಿ ಸೀತನಿಗೆ (ಸುಟ್ಟು ತಿನ್ನುವ ಎಳೆ ಕಾಳು) ಬರುತ್ತಿದೆ, ಇನ್ನು ಸ್ವಲ್ಪ ದಿನ ಮಾತ್ರ ಸಿಗುತ್ತದೆ. ಶೇಂಗಾ ಹಿಂಡಿ, ಬೆಲ್ಲ, ಮೊಸರು ಎಲ್ಲ ನಮ್ಮ ಕಡೆಯದು. ಶನಿವಾರ ರಾತ್ರಿ ಬಂದರೆ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋಗಬಹುದು. ನಿನಗೂ ಗೆರೆ ಎಳೆದು ಕೊಡುತ್ತೇನೆ. ಬರುವಾಗ ನೀನು ಬಳಸದೆ ಇಟ್ಟಿರುವ 56 ಡಿಗ್ರಿ ವೆಜ್ ತಗೊಂಡು ಬಾ, ನನ್ನದರ ಹಿಡಿ ಸವೆದು ಜಾರುತ್ತಿದೆ. ಹಳೆ ಚೆಂಡು ಎಷ್ಟಿದ್ದರೂ ಬೇಕು. ಯಾವ ರೈಲು ಅಂತ ಮೊದಲೇ ತಿಳಿಸು, ಸ್ಟೇಷನ್‌ಗೆ ಬರುತ್ತೇನೆ.

ನಿನ್ನ ಗೆಳೆಯ