ಸವಾರರಷ್ಟೇ ಅಲ್ಲ, ನಿಲ್ದಾಣವೂ ನೆನಪಿರಲಿ

ಮಾನ್ಯರೇ,

ಕುದುರೆಯ ಮೇಲೆ ಅಂಚೆ ಒಯ್ಯುತ್ತಿದ್ದ ಅಮೆರಿಕದ ಪೋನಿ ಎಕ್ಸ್‌ಪ್ರೆಸ್ ಎಂದೊಡನೆ ಎಲ್ಲರ ಮಾತೂ ಕುದುರೆ ಸವಾರರತ್ತಲೇ ಹೊರಳುತ್ತದೆ. ಆ ಸವಾರರಿಗೆ ಆಸರೆಯಾಗಿದ್ದ ನಿಲ್ದಾಣಗಳ ಪ್ರಸ್ತಾಪ ಬರುವುದು ಅಪರೂಪ. ಅಂಥವುಗಳಲ್ಲಿ ಒಂದಾದ, ಕಾನ್ಸಾಸ್ ರಾಜ್ಯದ ಹ್ಯಾನೋವರ್ ಬಳಿಯ ಹಾಲೆನ್‌ಬರ್ಗ್ ನಿಲ್ದಾಣವು ಕಟ್ಟಿದ ಜಾಗದಲ್ಲೇ, ಹೆಚ್ಚಿನ ಮಾರ್ಪಾಡಿಲ್ಲದೆ ಇಂದಿಗೂ ನಿಂತಿದೆ.

ಜರ್ಮನಿಯಿಂದ ವಲಸೆ ಬಂದ ಗೆರಾಟ್ ಹಾಲೆನ್‌ಬರ್ಗ್ 1850ರ ದಶಕದ ಕೊನೆಯಲ್ಲಿ, ಪಶ್ಚಿಮದತ್ತ ಸಾಗುತ್ತಿದ್ದ ವಲಸಿಗರಿಗಾಗಿ ಈ ಉದ್ದನೆಯ ಮರದ ಮನೆಯನ್ನು ಕಟ್ಟಿದರು. ಮನೆ, ದಿನಸಿ ಅಂಗಡಿ, ಪಾನಗೃಹ, ಅಂಚೆ ಕಚೇರಿ ಎಲ್ಲವೂ ಒಂದೇ ಸೂರಿನಡಿ ಇದ್ದವು. ಸವಾರರೂ, ಪ್ರಯಾಣಿಕರ ಕುದುರೆ ಗಾಡಿಯಾದ ಸ್ಟೇಜ್‌ಕೋಚ್ ನೌಕರರೂ ಮಲಗುತ್ತಿದ್ದುದು ಅಟ್ಟದ ಮೇಲೆ. 1860ರ ಏಪ್ರಿಲ್‌ನಲ್ಲಿ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು ಹತ್ತು ದಿನಗಳಲ್ಲಿ ಪತ್ರ ಮುಟ್ಟಿಸುವ ಸೇವೆ ಆರಂಭವಾದಾಗ ಇದೂ ಅದರ ಕೊಂಡಿಯಾಯಿತು. ಜೀನಿನ ಮೇಲೆ ಹೊದಿಸುತ್ತಿದ್ದ, ನಾಲ್ಕು ಜೇಬುಗಳ ತೊಗಲಿನ ಹಾಸಿನಲ್ಲಿ ಪತ್ರಗಳಿರುತ್ತಿದ್ದವು. ಸವಾರ ಅದರ ಮೇಲೆಯೇ ಕುಳಿತು, ಕುದುರೆ ಬದಲಿಸುವಾಗ ಅದನ್ನು ಸೆಳೆದು ಹೊಸ ಕುದುರೆಯ ಬೆನ್ನಿಗೆ ಹಾಕಿ ಕ್ಷಣಾರ್ಧದಲ್ಲಿ ಹೊರಡುತ್ತಿದ್ದ.

1861ರ ಅಕ್ಟೋಬರ್‌ನಲ್ಲಿ ಖಂಡದುದ್ದಕ್ಕೂ ತಂತಿ ಸಂಪರ್ಕ ಪೂರ್ಣಗೊಂಡೊಡನೆ ಆ ಸೇವೆ ಮುಗಿಯಿತು. ಕೇವಲ ಹದಿನೆಂಟು ತಿಂಗಳ ಆ ಸಾಹಸಕ್ಕಿಂತ, ಅದಕ್ಕೂ ಮೊದಲೇ ದಾರಿಹೋಕರಿಗೆ ಅನ್ನ, ನೆರಳು ಕೊಟ್ಟ ಮನೆಯ ಚರಿತ್ರೆ ನನಗೆ ಹೆಚ್ಚು ಆಪ್ತವೆನಿಸುತ್ತದೆ. 1941ರಲ್ಲಿ ಕಾನ್ಸಾಸ್ ಸರ್ಕಾರ ಇದನ್ನು ಕೊಂಡು ಉಳಿಸಿದ್ದು ನಿಜಕ್ಕೂ ಸ್ತುತ್ಯ. ಪೋನಿ ಎಕ್ಸ್‌ಪ್ರೆಸ್ ಕುರಿತು ಬರೆಯುವವರು ಈ ಅಟ್ಟವನ್ನೂ ಅಂಗಡಿಯನ್ನೂ ಪ್ರಸ್ತಾಪಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ