ಆರೋಗ್ಯ ಕೇಂದ್ರದಲ್ಲಿ ಮಾತ್ರೆಯೂ ಬೇಕು, ಮಾತಾಡಿಸುವವರೂ ಬೇಕು

ಮಾನ್ಯರೇ,

ಕುಮಟಾದಲ್ಲಿ ಇಪ್ಪತ್ತಾರು ವರ್ಷಗಳಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಅಪ್ಪ ಶುರು ಮಾಡಿದ ಅಂಗಡಿ. ಬಿ.ಫಾರ್ಮ ಮುಗಿಸಿ ಬಂದು ಅವರ ಪಕ್ಕ ನಿಂತವಳು, ಅವರು ಹೋದ ಮೇಲೂ ಅಲ್ಲೇ ನಿಂತಿದ್ದೇನೆ.

ಕಳೆದ ತಿಂಗಳು ಒಬ್ಬ ತಾಯಿ ಮೀನಿನ ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು ಒಳಗೆ ಬಂದರು. ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಚಿದ ಪೇಪರಿನ ತುಂಡೊಂದನ್ನು ಕೌಂಟರಿನ ಮೇಲೆ ಹರವಿದರು. ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಗೆ ಅಮೆರಿಕದಲ್ಲಿ ಹೊಸ ಔಷಧ ಬಂದಿದೆ ಎಂಬ ಸುದ್ದಿ. ಯಾರೋ ಓದಿ ಹೇಳಿದ್ದರಂತೆ. "ಅಕ್ಕಾ, ಇದು ನಿಮ್ಮಲ್ಲಿ ಸಿಕ್ತದ್ಯಾ? ರೇಟು ಎಷ್ಟಾದ್ರೂ ಅಡ್ಡಿಲ್ಲ" ಎಂದು ಕೇಳಿದರು. ಕಿವಿಯ ಬಂಗಾರ ಆಗಲೇ ಇರಲಿಲ್ಲ.

ಸುದ್ದಿ ಸುಳ್ಳಲ್ಲ. ಕೊಬೆನ್ಫಿ ಎಂಬ ಆ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಬಳಕೆಗೆ ಬಂದ ಮೇಲೆ ಈ ಕಾಯಿಲೆಗೆ ಬಂದ ಔಷಧಗಳೆಲ್ಲ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿದಿದ್ದವು: ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕ ಡೋಪಮೈನ್‌ಗೆ ತಡೆ ಹಾಕುವುದು. ಕೈ ನಡುಗುವುದು, ಮೈ ಸೆಟೆದುಕೊಳ್ಳುವುದು ಮುಂತಾದ ತೊಂದರೆಗಳೂ ಅದೇ ದಾರಿಯಲ್ಲಿ ಬಂದವು. ಹೊಸದು ಬೇರೆ ದಾರಿ ಹಿಡಿದು, ಮಿದುಳಿನಲ್ಲಿ ಬೇರೊಂದು ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಆದರೆ ಒಪ್ಪಿಗೆಗೆ ಆಧಾರವಾದದ್ದು ಐದು ವಾರಗಳ ಪ್ರಯೋಗಗಳು. ಆ ತಾಯಿಯ ಮಗ ಹಾಸಿಗೆ ಹಿಡಿದು ಒಂಬತ್ತು ವರ್ಷವಾಗಿದೆ. ಈಗಿರುವ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಾನಾ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಮಳೆಗಾಲದಲ್ಲಿ ಎರಡು ತಿಂಗಳು ಕೊಟ್ಟಿರಲಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ. ಬೋಟು ದಡಕ್ಕೆ ಬಿದ್ದಿತ್ತು, ಮನೆಯಲ್ಲಿ ದುಡ್ಡಿರಲಿಲ್ಲ.

ನನ್ನ ಕತ್ತರಿಗೆ ಇದು ಚೆನ್ನಾಗಿ ಗೊತ್ತು. ಮೇ ತಿಂಗಳ ತನಕ ಪೂರ್ತಿ ಶೀಟು ಒಯ್ಯುವವರು ಜೂನಿನಲ್ಲಿ "ಐದೇ ಕೊಡಿ" ಅನ್ನುತ್ತಾರೆ. ಜುಲೈಯಲ್ಲಿ ಬರುವುದೇ ಇಲ್ಲ. ಬಿಪಿ ಮಾತ್ರೆಗೆ ಸಾಲ ಹೇಳಲು ಯಾರೂ ನಾಚುವುದಿಲ್ಲ, ಮನಸ್ಸಿನ ಮಾತ್ರೆಗೆ ನಾಚುತ್ತಾರೆ. ಶಿರಸಿ ಕಡೆಯ ಒಬ್ಬರು ತಮ್ಮೂರಿನ ಅಂಗಡಿ ಬಿಟ್ಟು ದೇವಿಮನೆ ಘಟ್ಟ ಇಳಿದು ನನ್ನಲ್ಲಿಗೆ ಬರುತ್ತಾರೆ. ನಮ್ಮ ಕುಮಟಾದವರು ಇದೇ ಮಾತ್ರೆಗೆ ಹೊನ್ನಾವರಕ್ಕೆ ಹೋಗುತ್ತಾರೆ ಎಂಬುದೂ ನನಗೆ ಗೊತ್ತು. ನಿದ್ದೆಗೆ ಕೊಡುವ ಆಲ್‌ಪ್ರಾಜೋಲಮ್‌ಗೆ ನಿಯಮದಂತೆ ರಿಜಿಸ್ಟರಿನಲ್ಲಿ ರೋಗಿಯ ಹೆಸರು ಬರೆಯಬೇಕು. ಪೆನ್ನು ಎತ್ತಿದ ಕೂಡಲೇ ಚೀಟಿ ವಾಪಸು ಇಸಿದುಕೊಂಡು ಹೊರಟವರಿದ್ದಾರೆ. (ಇಲ್ಲಿ ಬರೆದ ಯಾರ ಗುರುತೂ ಸಿಗದಂತೆ ಊರು, ವಯಸ್ಸು ಬದಲಿಸಿದ್ದೇನೆ.)

ಅವರಿಗೆ ಬುದ್ಧಿ ಹೇಳುವ ಹಕ್ಕು ನನಗಿದೆಯೇ ಎಂದು ಬಹಳ ಸಲ ಯೋಚಿಸಿದ್ದೇನೆ. ಯಾಕೆಂದರೆ ನಾನೂ ಅದನ್ನೇ ಮಾಡಿದವಳು.

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಮನಸ್ಸು ಒಮ್ಮೆ ಉನ್ಮಾದಕ್ಕೆ ಏರುವುದು, ಒಮ್ಮೆ ಖಿನ್ನತೆಗೆ ಇಳಿಯುವುದು. 2009ರಲ್ಲಿ ಮೊದಲ ಸಲ ಏರುಪೇರಾಯಿತು. ಮೊದಲ ನಾಲ್ಕು ತಿಂಗಳು ಎಲ್ಲರಂತೆ ನಾವೂ ಪ್ರಸಾದ ಕೇಳಿದೆವು, ತಾಯಿತ ಕಟ್ಟಿಸಿದೆವು. ಆಮೇಲೆ ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ದೆವು. ಲಿಥಿಯಂ ಶುರು ಮಾಡಿದರು. ಆರು ತಿಂಗಳಲ್ಲಿ ತಮ್ಮ ಮತ್ತೆ ತಮ್ಮನಾದ. ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ ಹಾಕಿದ. 2013ರಲ್ಲಿ ಮದುವೆ ನಿಶ್ಚಯವಾಯಿತು. ಹುಡುಗಿಯ ಕಡೆಯವರಿಗೆ ಹೇಳಲಿಲ್ಲ. ಮದುವೆಗೆ ಹದಿನೈದು ದಿನ ಇರುವಾಗ, ಬಂದ ನೆಂಟರ ಕಣ್ಣಿಗೆ ಬೀಳಬಾರದೆಂದು, ಅವನ ಬೀರುವಿನಿಂದ ಮಾತ್ರೆಯ ಡಬ್ಬಿ ತೆಗೆದು ಅಂಗಡಿಗೆ ಒಯ್ದವಳು ನಾನು. "ನಾಲ್ಕು ವರ್ಷ ಆಯ್ತಲ್ಲ, ಈಗ ಆರಾಮಿದ್ದೀಯಲ್ಲ" ಎಂದೆ. ಲಿಥಿಯಂ ಹಠಾತ್ತಾಗಿ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು ಎಂದು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮನೆಯ ಮಾನದ ಮುಂದೆ ಅದು ನೆನಪಿಗೆ ಬರಲಿಲ್ಲ.

ಮದುವೆಯಾದ ಏಳನೇ ವಾರ ಅವನು ನಾಲ್ಕು ರಾತ್ರಿ ನಿದ್ದೆ ಮಾಡಲಿಲ್ಲ. ಐದನೇ ದಿನ ಬೆಳಿಗ್ಗೆ ಅಂಗಡಿ ತೆರೆದು, ಪೆಟ್ಟಿಗೆಯಲ್ಲಿದ್ದ ಫ್ಯಾನುಗಳನ್ನು ರಸ್ತೆಯಲ್ಲಿ ಹೋಗುವವರಿಗೆಲ್ಲ ಹಂಚಿದ. ನಗುನಗುತ್ತ, ಒಬ್ಬೊಬ್ಬರ ಕೈಹಿಡಿದು ಕರೆದು ಕೊಟ್ಟ. ಜನ ಒಯ್ದರು. ಸಂಜೆ ಇಬ್ಬರು ಮಾತ್ರ ತಂದು ವಾಪಸು ಕೊಟ್ಟರು. ಒಬ್ಬರು ಪೆಟ್ಟಿಗೆಗೆ ಮತ್ತೆ ಟೇಪು ಹಚ್ಚಿ ತಂದಿದ್ದರು. ಆ ಹುಡುಗಿ ತವರಿಗೆ ಹೋದಳು. ತಪ್ಪು ಅವಳದಲ್ಲ. ಅವಳಿಗೆ ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ, ಆ ಅವಕಾಶವನ್ನೇ ನಾವು ಅವಳಿಗೆ ಕೊಡಲಿಲ್ಲ.

ತಮ್ಮ ಈಗ ಮತ್ತೆ ಲಿಥಿಯಂ ಮೇಲಿದ್ದಾನೆ. ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ನೋಡಿದ್ದನ್ನು 1949ರಲ್ಲಿ ಪ್ರಕಟಿಸಿದ. ಇಷ್ಟು ವರ್ಷ ಕಳೆದರೂ ಬೈಪೋಲಾರಿಗೆ ಇದನ್ನು ಮೀರಿಸುವ ಔಷಧ ಸುಲಭಕ್ಕೆ ಸಿಕ್ಕಿಲ್ಲ. ಆದರೆ ರಕ್ತದಲ್ಲಿ ಇದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷ. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ ಪ್ರಮಾಣ ಏರುತ್ತದೆ. ಬೆನ್ನುನೋವೆಂದು ಯಾವುದಾದರೂ ಅಂಗಡಿಯಲ್ಲಿ ಐಬುಪ್ರೊಫೇನ್ ತಗೊಂಡರೂ ಏರುತ್ತದೆ. ಲಿಥಿಯಂ ತೆಗೆದುಕೊಳ್ಳುತ್ತೇನೆ ಎಂದು ಅಂಗಡಿಯವರಿಗೆ ಹೇಳಲು ನಾಚಿದವರಿಗೆ ಆ ನೋವಿನ ಮಾತ್ರೆ ಯಾರೂ ತಡೆಯದೆ ಸಿಕ್ಕುತ್ತದೆ. ಮುಚ್ಚಿಡುವುದರಿಂದ ಮಾನ ಉಳಿಯುತ್ತದೋ ಇಲ್ಲವೋ, ಕಿಡ್ನಿಯಂತೂ ಉಳಿಯುವುದಿಲ್ಲ.

ಖಿನ್ನತೆಯ ಮಾತ್ರೆಗಳ ವಿಷಯ ಸ್ವಲ್ಪ ಬೇರೆ, ಅದನ್ನೂ ನೇರವಾಗಿ ಹೇಳಬೇಕು. ಬ್ರಿಟನ್ನಿನಲ್ಲಿ ಬಹುಕಾಲದಿಂದ ಮಾತ್ರೆ ನುಂಗುತ್ತಿದ್ದು, ಈಗ ಬಿಡಬಹುದು ಅನ್ನಿಸಿದ 478 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ, ಹಂತಹಂತವಾಗಿ ಬಿಟ್ಟವರಲ್ಲಿ ನೂರಕ್ಕೆ 56 ಮಂದಿಗೆ, ಮುಂದುವರಿಸಿದವರಲ್ಲಿ 39 ಮಂದಿಗೆ ಖಿನ್ನತೆ ಮರಳಿತು. ಅಂದರೆ ಬಿಟ್ಟರೂ ನೆಟ್ಟಗೆ ಉಳಿದವರಿದ್ದಾರೆ, ನುಂಗಿದರೂ ಬಿದ್ದವರಿದ್ದಾರೆ. ಬಿಡಬೇಕೆ, ಯಾವಾಗ, ಎಷ್ಟು ನಿಧಾನಕ್ಕೆ ಎಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ನಮ್ಮಲ್ಲಿ ಅದನ್ನು ತೀರ್ಮಾನಿಸುವುದು ಬೋಟು ಸಮುದ್ರಕ್ಕೆ ಇಳಿದಿದೆಯೋ ಇಲ್ಲವೋ ಎಂಬುದು. ಶುರುವಿನಲ್ಲೂ ಹೀಗೇ. ಈ ಮಾತ್ರೆಗಳು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಶುರುವಾಗುತ್ತದೆ. ಹತ್ತನೇ ದಿನ ಮಾತ್ರೆ ಬಿಟ್ಟು "ನಂಗೆ ಇದು ಆಗೂದಿಲ್ಲ" ಎಂದವರು ಎಷ್ಟೋ ಜನ. ಇದನ್ನೆಲ್ಲ ವಿವರಿಸಲು ಗಿರಾಕಿ ನಿಂತ ಕೌಂಟರಿನಲ್ಲಿ ನನಗೆ ಎರಡು ನಿಮಿಷ ಸಿಗುತ್ತದೆ. ಹೊರರೋಗಿ ವಿಭಾಗದಲ್ಲಿ ನೂರು ಜನರನ್ನು ನೋಡುವ ವೈದ್ಯರಿಗೂ ಅಷ್ಟೇ.

ಹಾಗಾದರೆ ಯಾರು ಕೂತು ಮಾತಾಡಬೇಕು? ಇದಕ್ಕೆ ಉತ್ತರ ಅಮೆರಿಕದಲ್ಲಿ ಹುಡುಕುವುದು ಬೇಡ. ಕಾರವಾರ ದಾಟಿ, ಮಾಜಾಳಿ ಗೇಟು ದಾಟಿದರೆ ಸಿಗುವ ಗೋವಾದಲ್ಲಿದೆ. ಅಲ್ಲಿ ಸಂಗಾತ್ ಎಂಬ ಸಂಸ್ಥೆಯ ಜೊತೆ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರತರದ ಖಿನ್ನತೆಯಿದ್ದ 495 ಜನರನ್ನು ಸೇರಿಸಿ ಒಂದು ಪ್ರಯೋಗ ಮಾಡಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅರ್ಧ ಜನರನ್ನು ಕೇಂದ್ರದ ವೈದ್ಯರು ನೋಡಿಕೊಂಡರು. ಉಳಿದವರನ್ನು ವೈದ್ಯರ ಜೊತೆಗೆ ಸ್ಥಳೀಯ ಸಮಾಲೋಚಕರೂ ನೋಡಿಕೊಂಡರು. ಆ ಸಮಾಲೋಚಕರು ಮನಃಶಾಸ್ತ್ರ ಓದಿದವರಲ್ಲ. ಹೈಸ್ಕೂಲು ಮುಗಿಸಿದ, ಊರಿನ ಮಾತು ಬಲ್ಲ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಸಾಮಾನ್ಯರು. ಒಬ್ಬೊಬ್ಬ ರೋಗಿಯ ಜೊತೆ ಆರರಿಂದ ಎಂಟು ಸಲ ಕೂತರು.

ಮಾಡಿದ್ದೇನು? ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯುತ್ತ ಮಲಗಿದರೆ ಮನಸ್ಸು ಸರಿಯಾಗುವುದಿಲ್ಲ. ಬಿಟ್ಟುಹೋದ ಒಂದು ಸಣ್ಣ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರೆ ಮನಸ್ಸು ಹಿಂದಿನಿಂದ ಬರುತ್ತದೆ. ಈ ವಾರ ಯಾವ ಕೆಲಸ, ಯಾವ ಹೊತ್ತಿಗೆ, ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಕೂತು ಕೇಳುವುದು, ಮುಂದಿನ ವಾರ ಮತ್ತೆ ಕೇಳುವುದು. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು. ಬಾಣಂತಿ ಮಂಕಾಗಿ ಕೂತರೆ ಕೈಗೆ ಅರ್ಧ ಸೇರು ಅಕ್ಕಿ, ಮೊರ ಕೊಟ್ಟು ಪಕ್ಕದಲ್ಲಿ ತಾವೂ ಕೂರುತ್ತಿದ್ದರು. ಮೂರು ತಿಂಗಳ ನಂತರ ನೋಡಿದಾಗ, ಸಮಾಲೋಚಕರು ಸಿಕ್ಕಿದವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಸಿಗದವರಲ್ಲಿ 39 ಮಂದಿ. ಒಂದು ವರ್ಷದ ನಂತರವೂ ಪ್ರಯೋಜನ ಉಳಿದಿತ್ತು.

ಮೀನಿನ ಬುಟ್ಟಿಯ ಆ ತಾಯಿಯ ಮಗನ ಕಾಯಿಲೆ ಇದಲ್ಲ, ನನ್ನ ತಮ್ಮನದೂ ಅಲ್ಲ. ಅವರಿಗೆ ಮಾತ್ರೆ ಬೇಕೇ ಬೇಕು. ಆದರೆ ಸ್ಕಿಜೋಫ್ರೇನಿಯಾ ಇರುವವರ ಮನೆಗೆ ತರಬೇತಾದ ಕಾರ್ಯಕರ್ತರು ಹೋಗಿ ಬಂದರೆ ಏನಾಗುತ್ತದೆ ಎಂದು ಗೋವಾ, ಸತಾರಾ, ತಮಿಳುನಾಡಿನಲ್ಲಿ 282 ಜನರ ಮೇಲೆ ನೋಡಿದ್ದಾರೆ. 2014ರಲ್ಲಿ ಅದೂ ಪ್ರಕಟವಾಗಿದೆ. ಬರೀ ಆಸ್ಪತ್ರೆಯ ಚಿಕಿತ್ಸೆಗಿಂತ ಫಲ ಚೆನ್ನಾಗಿತ್ತು. ಬಹಳ ದೊಡ್ಡ ಫಲವೇನಲ್ಲ. ಹಾಸಿಗೆಯಿಂದ ಎದ್ದು ಬಾವಿಕಟ್ಟೆಯ ತನಕ ಬರುವ ಮಗ ಆ ತಾಯಿಗೆ ಸಣ್ಣ ಫಲವೂ ಅಲ್ಲ.

ಇದು ಕರ್ನಾಟಕಕ್ಕೆ ಹೊಸ ಮಾತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಅದೇ ಮಾದರಿಯಲ್ಲಿ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಕಂಡದ್ದು, ಬೈಪೋಲಾರ್ ಇರುವ ನೂರರಲ್ಲಿ 70 ಮಂದಿಗೆ ಚಿಕಿತ್ಸೆಯೇ ಇಲ್ಲ ಎಂದು. ಆ ಸಾಲು ಓದಿದ ದಿನ ನಾನು ಅಂಗಡಿಯ ಶಟರ್ ಬೇಗ ಇಳಿಸಿದೆ.

ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಒಳ್ಳೆಯದು. 2022ರಿಂದ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಇನ್ನೂ ಒಳ್ಳೆಯದು; ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಆ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಗತ್ಯ ಔಷಧಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡಬೇಕು ಎನ್ನುತ್ತದೆ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ಆ "ಮೇಲಕ್ಕೆ" ಎಂಬಲ್ಲೇ ನಮ್ಮ ಜಿಲ್ಲೆಯ ತೊಂದರೆ ಇದೆ. ಜೋಯಿಡಾದ ಕಾಡಿನ ಹಳ್ಳಿಯಿಂದ, ಸಿದ್ದಾಪುರದ ತುದಿಯಿಂದ, ಅಘನಾಶಿನಿಯ ಆಚೆ ದಡದಿಂದ ತಾಲ್ಲೂಕಿಗೆ ಬಂದು ಹೋಗಲು ಒಂದು ದಿನದ ದುಡಿಮೆ ಬಿಡಬೇಕು, ಜೊತೆಗೆ ಬಂದವರದೂ ಒಂದು ದಿನ.

ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ, ಶಾಸಕರಲ್ಲಿ ನನ್ನ ಕೋರಿಕೆ. ತಾಲ್ಲೂಕಿನ ಮನೋವೈದ್ಯರು ಒಮ್ಮೆ ಬರೆದ ಮಾತ್ರೆ ಮುಂದಿನ ತಿಂಗಳುಗಳಲ್ಲಿ ರೋಗಿಯ ಮನೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ. ಮೇ ತಿಂಗಳಲ್ಲೇ ಮಳೆಗಾಲಕ್ಕೆ ಸಾಕಾಗುವಷ್ಟು ದಾಸ್ತಾನು ಇರಲಿ. ಲಿಥಿಯಂ ತೆಗೆದುಕೊಳ್ಳುವವರ ರಕ್ತದ ಮಾದರಿಯನ್ನು ಅಲ್ಲೇ ತೆಗೆದು ಕಳಿಸುವಂತಾಗಲಿ. ಒಂದೊಂದು ಕೇಂದ್ರಕ್ಕೆ ಗೋವಾದ ರೀತಿಯಲ್ಲಿ ತರಬೇತಾದ ಒಬ್ಬ ಸಮಾಲೋಚಕರನ್ನು ಸಂಬಳ ಕೊಟ್ಟು ನೇಮಿಸಲಿ. ದಯವಿಟ್ಟು ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ, ಅವರ ಚೀಲ ಆಗಲೇ ತುಂಬಿದೆ. ಇದು ನನ್ನ ವ್ಯಾಪಾರಕ್ಕೆ ಹೊಡೆತ. ಆಗಲಿ.

ಈ ಪತ್ರವನ್ನು ಕಳಿಸುವ ಮುಂಚೆ ತಮ್ಮನಿಗೆ ಓದಿ ಹೇಳಿದೆ. ಅವನ ಒಪ್ಪಿಗೆಯಿಲ್ಲದೆ ಕಳಿಸುವವಳಲ್ಲ. ಫ್ಯಾನಿನ ವಿಷಯ ಬಂದಾಗ ಸುಮ್ಮನೆ ಕೂತ. ತೆಗೆಯಲೇ ಎಂದು ಕೇಳಿದೆ. ಬೇಡ, ಇರಲಿ, ಹೆಸರು ಮಾತ್ರ ಹಾಕಬೇಡ ಎಂದ. ಆಮೇಲೆ ಇನ್ನೊಂದು ಸೇರಿಸಲು ಹೇಳಿದ: ಸಮಾಲೋಚಕರಿಗೆ ಕೊಂಕಣಿ ಬರಬೇಕು, ಹಾಲಕ್ಕಿ ಒಕ್ಕಲಿಗರ ಕನ್ನಡ ತಿಳಿಯಬೇಕು. ಅವನು ಮೊದಲ ಸಲ ಆಸ್ಪತ್ರೆಗೆ ಹೋದಾಗ ಎದುರಿಗಿದ್ದವರು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆಲ್ಲ ಅವನು ಹೌದು ಎಂದಿದ್ದನಂತೆ. ಹದಿನೈದು ವರ್ಷದ ಮೇಲೆ ಈಗ ಹೇಳಿದ.

– ಔಷಧ ಅಂಗಡಿಯೊಂದರ ಮಾಲೀಕಳು, ಕುಮಟಾ
(ಹೆಸರು, ವಿಳಾಸ ಸಂಪಾದಕರಲ್ಲಿದೆ)