ಪಾಠದ ಒಂದು ಸಾಲನ್ನು ಒರೆಗೆ ಹಚ್ಚುವ ಬಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತಿಹಾಸದ ಪಾಠದಲ್ಲಿ ಇರುವುದೆಲ್ಲ ನಿಜವೇ ಎಂದು ಕೇಳಿದ್ದೀಯ. ಇಡೀ ಪುಸ್ತಕವನ್ನು ಕಣ್ಣುಮುಚ್ಚಿ ನಂಬು ಅನ್ನಲಾರೆ, ಎತ್ತಿ ಮೂಲೆಗೆ ಹಾಕು ಅಂತಲೂ ಅನ್ನಲಾರೆ. ಒಂದೊಂದೇ ಸಾಲು ಹಿಡಿದು ಅದಕ್ಕೆ ಆಧಾರವೇನು ಎಂದು ಹುಡುಕು.

'ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ' ಎಂಬ ಸಾಲನ್ನೇ ತಗೋ. ಅದರ ಆಧಾರ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲಿದೆ. ಬರೆದವನು ರವಿಕೀರ್ತಿ. ಬಸದಿ ಕಟ್ಟಿಸಿದವನೂ ಅವನೇ, ಪುಲಿಕೇಶಿಯ ಕೃಪೆಗೆ ಪಾತ್ರನಾದವನು. ಸಂಸ್ಕೃತ ಪದ್ಯದಲ್ಲಿ, ಆನೆಗಳು ಉರುಳಿಬಿದ್ದದ್ದನ್ನು ಕಂಡು ಹರ್ಷನ ಹರ್ಷವೇ ಭಯದಿಂದ ಜಾರಿಹೋಯಿತು ಎಂದು ಹೆಸರಿನ ಮೇಲೆ ಶ್ಲೇಷೆ ಮಾಡಿದ್ದಾನೆ. ಗೆದ್ದವನ ಆಸರೆಯಲ್ಲಿದ್ದ ಕವಿಯ ಮಾತು, ಅದೊಂದೇ ಸಾಲದು. ಎರಡನೆಯ ಸಾಕ್ಷಿ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಹರ್ಷನಿಂದ ಸತ್ಕಾರ ಪಡೆದವನು, ಆದರೂ ಪುಲಿಕೇಶಿಯನ್ನು ಹರ್ಷನಿಗೆ ಮಣಿಸಲಾಗಲಿಲ್ಲ ಎನ್ನುತ್ತಾನೆ. ಎದುರು ಪಾಳೆಯದ ಕಡೆಯಿಂದಲೇ ಬಂದ ಮಾತಾದ್ದರಿಂದ ತೂಕ ಹೆಚ್ಚು. ಆದರೆ ಗಮನಿಸು: ಹರ್ಷ ಗೆಲ್ಲಲಿಲ್ಲ ಎನ್ನುವುದಕ್ಕೆ ಇಬ್ಬರೂ ಸಾಕ್ಷಿ, ಭಯಪಟ್ಟ ಎನ್ನುವುದಕ್ಕೆ ಕವಿ ಒಬ್ಬನೇ.

ಇಸವಿಯಲ್ಲಿ ಎಡವುವುದು ಇನ್ನೂ ಸುಲಭ. ಐಹೊಳೆಯ ಆ ಶಾಸನದಲ್ಲಿರುವುದು ಶಾಲಿವಾಹನ ಶಕ 556. ಶಕಕ್ಕೆ 78 ಸೇರಿಸಿದರೆ ಕ್ರಿ.ಶ. 634 (ಶಕವರ್ಷ ಚೈತ್ರಕ್ಕೆ ಶುರುವಾಗುವುದರಿಂದ ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79). ಇದು ಬಸದಿಯ ಕಾಲ, ಯುದ್ಧದ ಕಾಲವಲ್ಲ. ಯುದ್ಧ ಅದಕ್ಕೂ ಮೊದಲೇ ಆದದ್ದು, ಎರಡನ್ನೂ ಒಂದೇ ಮಾಡಬೇಡ. ಅದೇ ಶಾಸನ ಮಹಾಭಾರತ ಯುದ್ಧವಾಗಿ 3735 ವರ್ಷ ಕಳೆದಿವೆ ಎಂದೂ ಹೇಳುತ್ತದೆ. ತನ್ನ ಕಾಲದ ಬಗ್ಗೆ ಹೇಳಿದ್ದನ್ನು ನಂಬಬಹುದು. ಮೂರು ಸಾವಿರ ವರ್ಷ ಹಿಂದಿನದು ಆಗಿನವರ ನಂಬಿಕೆಗೆ ಮಾತ್ರ ಪುರಾವೆ. ಒಂದೇ ಕಲ್ಲು, ಎರಡು ಬಗೆಯ ಸಾಕ್ಷಿ.

ಹಲ್ಮಿಡಿ ಶಾಸನದ ಮುಂದೆ 450 ಎಂದಿದ್ದರೆ ಪಕ್ಕದಲ್ಲಿ 'ಸುಮಾರು' ಇದೆಯೇ ನೋಡು. ಆ ಕಲ್ಲಿನಲ್ಲಿ ಇಸವಿಯೇ ಇಲ್ಲ. ಲಿಪಿಯ ರೂಪ, ಹೆಸರಿಸಿದ ಅರಸರನ್ನು ನೋಡಿ ಕಟ್ಟಿದ ಅಂದಾಜು ಅದು. 'ಕನ್ನಡದ ಮೊದಲ ಶಾಸನ' ಎನ್ನುವುದೂ ಆಗ ಸಿಕ್ಕಿದ್ದರ ಮಟ್ಟಿಗೆ ಸರಿ. ಆಮೇಲೆ ತಾಳಗುಂದದಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕಿತು, ಅದನ್ನು ಸುಮಾರು 370ರದ್ದೆಂದು ತಜ್ಞರು ಗುರುತಿಸಿದ್ದಾರೆ. ಇಲ್ಲಿ ಹಳೆಯ ಪುಸ್ತಕ ಸುಳ್ಳು ಹೇಳಿರಲಿಲ್ಲ, ಹಳತಾಯಿತು ಅಷ್ಟೆ. ಆದ್ದರಿಂದ ಮುದ್ರಣದ ವರ್ಷ ನೋಡದೆ ತಪ್ಪು ಹೊರಿಸಬೇಡ.

'ಸುವರ್ಣಯುಗ', 'ದುರ್ಬಲ ಅರಸ' ಇಂಥ ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆ. ಅವು ಬರೆದವರ ತೀರ್ಪು. ಫೋನಿಗೆ ಬರುವ 'ಮುಚ್ಚಿಟ್ಟ ಇತಿಹಾಸ'ಕ್ಕೂ ಇದೇ ಒರೆ. ಅಲ್ಲಿ ಶಾಸನದ ಹೆಸರೂ ಇರುವುದಿಲ್ಲ, ಪುಟಸಂಖ್ಯೆಯೂ ಇರುವುದಿಲ್ಲ.

ಐಹೊಳೆ ಶಾಸನದ ಪೂರ್ತಿ ಬರಹ, ಶಾಸನಗಳನ್ನು ಅಚ್ಚು ಹಾಕಿದ ಗ್ರಂಥಮಾಲೆಯಾದ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿದೆ. ಕನ್ನಡ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ನೋಡು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರವನ್ನೇ ಬರೆ, ಅಂಕ ಕಳೆದುಕೊಳ್ಳಬೇಡ. ತಪ್ಪು ಖಚಿತವಾದರೆ ತರಗತಿ, ಪುಟ, ಆ ಸಾಲು, ನಿನ್ನ ಆಧಾರ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಮೊದಲು ಮೇಷ್ಟ್ರಿಗೆ ತೋರಿಸು, ಆಮೇಲೆ ಪಠ್ಯಪುಸ್ತಕ ಸಂಘಕ್ಕೆ ಕಳಿಸು.

ಇಂತು,
ನಿನ್ನ ದೊಡ್ಡಪ್ಪ